ಮೈದಾನದವರ ಕಾಗದಪತ್ರ

ಈ ಸಲ ಬಂದ ಪತ್ರಗಳನ್ನು ಬಿಚ್ಚಿ ಓದುವಾಗ ನಗು ಬಂತು. ಬರೆದವರೆಲ್ಲ ದೈಹಿಕ ಶಿಕ್ಷಣ ಓದುವವರು, ಇಲ್ಲವೇ ಅವರ ಮನೆಯವರು. ಆಟದ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಹಾಜರಾತಿ, ಮಾರ್ಕ್ಸ್‌ಕಾರ್ಡು, ಪ್ರಾಕ್ಟಿಕಲ್ಲು, ಫೀ, ಬರೀ ಇವೇ. ಎದುರಿಗೆ ಆರು ಅಥವಾ ಹೆಚ್ಚು ಜನ ಇದ್ದಾಗಲೇ ಕಬಡ್ಡಿಯಲ್ಲಿ ಬೋನಸ್ ಅಂಕ ಎಂದು ನಿದ್ದೆಯಲ್ಲೂ ಹೇಳುವ ಹುಡುಗರು ತಮ್ಮ ಕೋರ್ಸಿನ ನಿಯಮಾವಳಿಯ ಮುಖ ನೋಡಿರುವುದಿಲ್ಲ. ನಾನೂ ವಿದ್ಯಾರ್ಥಿಯಾಗಿದ್ದಾಗ ನೋಡಿರಲಿಲ್ಲ. ನೋಡಿದ್ದು ಮೇಷ್ಟ್ರಾದ ಮೇಲೆ, ಅದೂ ಒಬ್ಬ ಹುಡುಗನ ತಂದೆ ಅದನ್ನು ನನ್ನ ಮೇಜಿನ ಮೇಲೆ ತಂದಿಟ್ಟಾಗ.

ಪ್ರಶ್ನೆ: ಸರ, ನಾ ಕಮಲಾಪುರದಾಕಿ. ಕಲಬುರಗಿಯೊಳಗ ಬಿ.ಪಿ.ಇಡಿ. ಮೊದಲನೇ ಸೆಮಿಸ್ಟರ್ ಓದಾಕತ್ತೀನಿ. ಮುಂಜಾನೆ ಆರಕ್ಕ ಗ್ರೌಂಡಿನಾಗ ಇರಬೇಕು ಅಂತಾರ. ಹುಮನಾಬಾದ ಕಡಿಂದ ಬರೋ ಬಸ್ಸು ಹಿಡದು ಬರೋದ್ರಾಗ ಆರೂವರಿ, ಒಮ್ಮೊಮ್ಮೆ ಏಳು. ತಡಾ ಆದ್ರ ಆಬ್ಸೆಂಟ್ ಹಾಕ್ತಾರ. ಕ್ಲಾಸಿಗೆ ಒಂದೂ ತಪ್ಪಿಲ್ಲ. ಆದ್ರೂ ಪರೀಕ್ಷಾಕ್ಕ ಕೂಡಸಂಗಿಲ್ಲ ಅಂತ ಈಗ ಅಂಜಸಾಕತ್ತಾರ. ಏನ್ ಮಾಡ್ಲಿ?
— ಒಬ್ಬ ವಿದ್ಯಾರ್ಥಿನಿ, ಕಮಲಾಪುರ

ಉತ್ತರ: ತಂಗಿ, ಮೊದಲು ಲೆಕ್ಕ ಮಾಡೋಣ, ಆಮೇಲೆ ಅಂಜೋಣ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಶೇ. 75 ಹಾಜರಾತಿ ಎಂಬುದು ರೂಢಿಯ ಸಂಖ್ಯೆ. ನಿನ್ನ ಕೋರ್ಸಿಗೆ ಎಷ್ಟು ಎಂಬುದು ನಿಯಮಾವಳಿಯಲ್ಲಿ ಅಚ್ಚಾಗಿರುತ್ತದೆ, ಅದನ್ನು ಕಚೇರಿಯಲ್ಲಿ ಕೇಳಿ ತೆಗೆದುಕೋ. ನೋಡಬೇಕಾದದ್ದು ಎರಡು. ಹಾಜರಾತಿಯನ್ನು ಒಟ್ಟಾರೆ ಹಿಡಿಯುತ್ತಾರೋ, ವಿಷಯವಾರು ಹಿಡಿಯುತ್ತಾರೋ? ಪ್ರಾಕ್ಟಿಕಲ್ಲಿನ ಹಾಜರಾತಿ ಬೇರೆಯೋ, ಕೂಡಿಯೋ? ಒಂದು ಪ್ರಾಕ್ಟಿಕಲ್ಲಿಗೆ ಸೆಮಿಸ್ಟರಿನಲ್ಲಿ 60 ತರಗತಿ ಇದ್ದರೆ ಶೇ. 75ಕ್ಕೆ 45 ಬೇಕು, 15 ತಪ್ಪಿದರೂ ನಡೆಯುತ್ತದೆ. ವಿಷಯವಾರು ಲೆಕ್ಕವಾದರೆ ತರಗತಿಯಲ್ಲಿ ನೀನು ಗಳಿಸಿದ ನೂರಕ್ಕೆ ನೂರು ಗ್ರೌಂಡಿನ ಸಾಲ ತೀರಿಸುವುದಿಲ್ಲ. ನಿನ್ನಂಥವರು ಸಿಕ್ಕಿಬೀಳುವುದು ಇಲ್ಲೇ.

ಕಾಲೇಜಿನವರ ಕಡೆಯ ಮಾತನ್ನೂ ಹೇಳಬೇಕು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮದ ಪ್ರಕಾರ ಬಿ.ಪಿ.ಇಡಿ. ಎಂದರೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಪ್ರವೇಶ, ಪರೀಕ್ಷೆಯ ದಿನಗಳನ್ನು ಬಿಟ್ಟು ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ ಕನಿಷ್ಠ 36 ಗಂಟೆ. ಅಷ್ಟು ಹೊತ್ತು ಶಿಕ್ಷಕರೂ ವಿದ್ಯಾರ್ಥಿಗಳೂ ಖುದ್ದಾಗಿ ಸಂಸ್ಥೆಯಲ್ಲಿ ಇರಬೇಕು. ಕಲಬುರಗಿಯ ಬಿಸಿಲು ನಿನಗೇ ಗೊತ್ತು, ಒಂಬತ್ತರ ಮೇಲೆ ಯಾರೂ ಓಡಿಸಲಾರರು. ಅದಕ್ಕೇ ಆರು ಗಂಟೆ. ಆದರೆ ಆರು ಗಂಟೆಯೇ ಆಗಬೇಕು ಎಂದು ಆ ನಿಯಮದಲ್ಲಿ ಇಲ್ಲ. ಅದು ಕಾಲೇಜು ಹಾಕಿಕೊಂಡ ವೇಳಾಪಟ್ಟಿ, ಬದಲಿಸಲು ಬರುತ್ತದೆ.

ನೀನು ಹೀಗೆ ಮಾಡು. ದಿನಾ ಬರುವ ಬಸ್ಸಿನ ಹೊತ್ತನ್ನು ಕಮಲಾಪುರದ ನಿಲ್ದಾಣದಲ್ಲಿ ಕೇಳಿ ಬರೆದುಕೋ. ಸುಮಾರು 35 ಕಿಲೋಮೀಟರ್ ದೂರದಿಂದ ಬರುತ್ತೇನೆ, ಗ್ರೌಂಡನ್ನು ಸಂಜೆಯ ತಂಡದಲ್ಲಿ ಮಾಡಲು ಅವಕಾಶ ಕೊಡಿ ಎಂದು ಪ್ರಾಂಶುಪಾಲರಿಗೆ ಅರ್ಜಿ ಕೊಡು. ಎರಡು ಪ್ರತಿ ಮಾಡು, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೋ. ನೀನು ಬರೀ ಬಾಯಿಂದ ಹೇಳಿದರೆ ನಾಳೆ ಅದನ್ನು ಯಾರೂ ಕೇಳಿಸಿಕೊಂಡಿರುವುದಿಲ್ಲ. ಜೊತೆಗೆ ಸಮಾಜ ಕಲ್ಯಾಣ ಇಲ್ಲವೇ ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲಿಗೆ ಅರ್ಜಿ ಹಾಕು. ಹಿಂದುಳಿದ ವರ್ಗದವಳಾಗಿದ್ದು ಸೀಟು ಸಿಗದಿದ್ದರೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ ಇದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟು ಉಳಿಯಿತು ನಿಜ, ನಿದ್ದೆ ಉಳಿಯಲಿಲ್ಲ. ನಾಲ್ಕಕ್ಕೆ ಎದ್ದು, ರೊಟ್ಟಿ ಬಡಿದಿಟ್ಟು, ಓಡಿಬಂದು ಸ್ಪ್ರಿಂಟ್ ಮಾಡುವ ಮೈ ಎಷ್ಟು ದಿನ ತಡೆದೀತು?

ಪತ್ರದ ಹಿಂಬದಿಗೆ ಸಣ್ಣದಾಗಿ ಇನ್ನೊಂದು ಕೇಳಿದ್ದೀ, ಮುಟ್ಟಿನ ದಿನಗಳ ರಜೆಯ ಬಗ್ಗೆ. ಸಣ್ಣ ಅಕ್ಷರದಲ್ಲಿ ಕೇಳುವ ಪ್ರಶ್ನೆಯಲ್ಲ ಅದು. ಕೇರಳ ಸರ್ಕಾರ 2023ರಲ್ಲಿ ತನ್ನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರಿಗೆ ಬೇಕಾದ ಹಾಜರಾತಿಯನ್ನು ಶೇ. 75ರಿಂದ 73ಕ್ಕೆ ಇಳಿಸಿತು. ಓಟ, ಜಿಗಿತವೇ ಪಾಠವಾಗಿರುವ ನಿಮ್ಮ ಕೋರ್ಸಿಗೆ ಇಂಥದ್ದು ಎಲ್ಲರಿಗಿಂತ ಮೊದಲು ಬರಬೇಕಿತ್ತು. ನೀವು ಹತ್ತು ಜನ ಹುಡುಗಿಯರು ಸೇರಿ ವಿಭಾಗಕ್ಕೆ ಒಂದು ಮನವಿ ಬರೆಯಿರಿ, ದೊಡ್ಡ ಅಕ್ಷರದಲ್ಲಿ.

ಪ್ರಶ್ನೆ: ಕಬಡ್ಡಿ ಆಡುವಾಗ ಮೊಣಕಾಲಿನ ಎ.ಸಿ.ಎಲ್. ಲಿಗಮೆಂಟು ಹರಿಯಿತು. ಎಂ.ಆರ್.ಐ. ಆಗಿದೆ, ಆಪರೇಷನ್ ಬೇಕೆಂದರು. ಮೂರನೇ ಸೆಮಿಸ್ಟರಿನ ಪ್ರಾಕ್ಟಿಕಲ್ ಪರೀಕ್ಷೆಗೆ ಆರು ವಾರ ಉಳಿದಿದೆ. ‘ಪಟ್ಟಿ ಬಿಗಿದುಕೊಂಡು ಮುಗಿಸಿಬಿಡು, ಇಲ್ಲದಿದ್ದರೆ ವರ್ಷ ಹಾಳು’ ಎನ್ನುತ್ತಾರೆ ನಮ್ಮ ಕೋಚ್. ಮುಗಿಸಿಬಿಡಲೇ?
— ಕಬಡ್ಡಿ ಆಟಗಾರ, ಕಲಬುರಗಿ

ಉತ್ತರ: ಬೇಡ. ಮೊದಲ ಮಾತೂ ಕೊನೆಯ ಮಾತೂ ಅದೇ. ಮೊಣಕಾಲ ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ತಿರುಚದಂತೆ ಹಿಡಿಯುವುದು ಆ ಲಿಗಮೆಂಟು. ಅದು ಹರಿದ ಕಾಲಿನಲ್ಲಿ ನೆಟ್ಟಗೆ ನಡೆಯಬಹುದು, ಅದೇ ಮೋಸ. ರೈಡ್ ಮಾಡುವಾಗ ಸರಕ್ಕನೆ ತಿರುಗಿದೆಯೋ, ಒಳಗಿನ ಮೆನಿಸ್ಕಸ್ ಎಂಬ ಮೆತ್ತೆಯೂ ಹರಿಯುತ್ತದೆ. ಮೇಲೆ ಬಿಗಿಯುವ ಪಟ್ಟಿ ಚರ್ಮವನ್ನು ಹಿಡಿದೀತು, ಎಲುಬನ್ನು ಹಿಡಿಯದು. ಆಪರೇಷನ್ ಆದ ಮೇಲೂ ಮೈದಾನಕ್ಕೆ ಮರಳಲು ಒಂಬತ್ತು ತಿಂಗಳಾದರೂ ಕಾಯಿರಿ ಎಂಬುದು ಇಂದಿನ ತಜ್ಞರ ಸಾಮಾನ್ಯ ಸಲಹೆ. ಈ ಪಾಠ ನಿನ್ನ ಚಲನವಿಜ್ಞಾನದ ಪುಸ್ತಕದಲ್ಲೇ ಇದೆ, ಕೋಚ್ ಸಾಹೇಬರೂ ಅದನ್ನು ಓದಿಯೇ ಪಾಸಾದವರು.

ಇನ್ನು ‘ವರ್ಷ ಹಾಳು’ ಎಂಬ ಬೆದರಿಕೆ. ಎರಡು ವರ್ಷದ ಕೋರ್ಸನ್ನು ಪ್ರವೇಶ ಪಡೆದ ದಿನದಿಂದ ಗರಿಷ್ಠ ಮೂರು ವರ್ಷದಲ್ಲಿ ಮುಗಿಸಬಹುದು ಎಂದು ಅದೇ 2014ರ ನಿಯಮ ಹೇಳುತ್ತದೆ. ಆ ಒಂದು ಹೆಚ್ಚಿನ ವರ್ಷ ನಿನ್ನಂಥವನಿಗೇ ಇರುವುದು. ತರಗತಿಯಲ್ಲಿ ಕೂತು ಬರೆಯುವ ವಿಷಯಗಳನ್ನು ಈಗಲೇ ಬರೆ, ಪ್ರಾಕ್ಟಿಕಲ್ ಮುಂದಿನ ಸಲಕ್ಕೆ ಇಟ್ಟುಕೋ. ಎಂ.ಆರ್.ಐ. ವರದಿ, ‘ಇಷ್ಟು ತಿಂಗಳು ಓಟ, ಜಿಗಿತ ಕೂಡದು’ ಎಂದು ತಾರೀಖು ಹಾಕಿ ಬರೆದ ಮೂಳೆ ಡಾಕ್ಟರ ಚೀಟಿ, ನಿನ್ನ ಅರ್ಜಿ, ಈ ಮೂರನ್ನೂ ಪರೀಕ್ಷೆಗೆ ಮುಂಚೆ ಕೊಡು. ಸರ್ಕಾರಿ ಆಸ್ಪತ್ರೆಯ ಚೀಟಿಯಾದರೆ ಮರುಪ್ರಶ್ನೆ ಕಡಿಮೆ, ಕಲಬುರಗಿಯಲ್ಲಿ ಜಿಮ್ಸ್ ಇದ್ದೇ ಇದೆ. ಪರೀಕ್ಷೆಯಾದ ಮೇಲೆ ತರುವ ಮೆಡಿಕಲ್ ಸರ್ಟಿಫಿಕೇಟನ್ನು ಯಾವ ಗುಮಾಸ್ತನೂ ನಂಬುವುದಿಲ್ಲ, ನಂಬಬಾರದಷ್ಟು ನೋಡಿರುತ್ತಾನೆ.

ಪ್ರಶ್ನೆ: ಏಪ್ರಿಲ್ ತಿಂಗಳಲ್ಲಿ ಹನ್ನೊಂದು ಗಂಟೆಗೆ ಓಟದ ಪರೀಕ್ಷೆ ಇಟ್ಟಿದ್ದಾರೆ. ಕೇಳಿದರೆ ‘ಕ್ರೀಡಾಪಟುಗಳಿಗೆ ಬಿಸಿಲೇನು’ ಅಂದರು.
— ಹೆಸರು ಬೇಡ, ಕಲಬುರಗಿ

ಉತ್ತರ: ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ಒಂದೂವರೆಗೆ ಮುಚ್ಚುತ್ತವೆ, ಅದೂ ಫ್ಯಾನಿನ ಕೆಳಗೆ ಕೂತು. ಸಮಯ ಬದಲಿಸುವ ಆ ಆದೇಶದ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ, ಪರೀಕ್ಷೆಯನ್ನು ಆರೂವರೆಗೆ ಇಡಿ ಎಂದು ಕೇಳಿ. ಮೈ ಬಿಸಿಲಿಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಓಡುವಾಗ ಮೈ ಸುಡುತ್ತ ಮಾತು ತೊದಲಿದರೆ, ಬೆವರು ಹರಿಯುತ್ತಿದ್ದರೂ, ಅದು ಸುಸ್ತಲ್ಲ, ಉಷ್ಣಾಘಾತ. ಮೈಮೇಲೆ ನೀರು ಸುರಿಯುತ್ತ ಆಸ್ಪತ್ರೆಗೆ ಒಯ್ಯಬೇಕು.

ಪ್ರಶ್ನೆ: ಸರ, ಡಿಗ್ರಿ ತನಕ ಕನ್ನಡದಾಗ ಓದೀನ್ರಿ. ಎಲ್ಲಾ ಪಾಸು, ಕಿನೆಸಿಯಾಲಜಿ ಒಂದು ಎರಡು ಸಲ ಹೋತು. ಅಗೋನಿಸ್ಟು, ಆಂಟಗೋನಿಸ್ಟು, ಫಸ್ಟ್ ಕ್ಲಾಸ್ ಲಿವರು, ಥರ್ಡ್ ಕ್ಲಾಸ್ ಲಿವರು, ತಲಿಯೊಳಗ ನಿಲ್ಲಂಗಿಲ್ಲ. ಈ ಸಲ ಚಲೋ ಬರದಿದ್ದೆ, ಆದ್ರೂ ಬಿತ್ತು. ಪೇಪರ್ ತೋರಸ್ರಿ ಅಂದ್ರ ನಗ್ತಾರ.
— ತೊಗರಿ ಬೆಳೆಯುವ ಊರಿನವ, ಕಮಲಾಪುರ ತಾಲೂಕು

ಉತ್ತರ: ತಮ್ಮಾ, ನಕ್ಕವರನ್ನು ಆಮೇಲೆ ನೋಡೋಣ. ಮೊದಲು ಆ ಲಿವರು. ಲಿವರ್ ಎಂದರೆ ಸನ್ನೆ. ಹೊಲದಲ್ಲಿ ಹಾರೆ ಕೊಟ್ಟು ಕಲ್ಲು ಎಬ್ಬಿಸಿದ್ದೀಯಲ್ಲ, ಅದೇ. ಆಧಾರ ನಡುವೆ, ಭಾರ ಒಂದು ತುದಿಗೆ, ಬಲ ಇನ್ನೊಂದು ತುದಿಗೆ ಇದ್ದರೆ ಮೊದಲ ವರ್ಗ. ಕತ್ತಿನ ಮೇಲೆ ತಲೆ ನಿಂತಿರುವುದು ಹೀಗೆ. ಭಾರ ನಡುವೆ ಬಂದರೆ ಎರಡನೆಯದು: ಜೋಳದ ಗೂಡೆ ಇಳಿಸಲು ತುದಿಗಾಲಲ್ಲಿ ನಿಂತಾಗ ಬೆರಳ ಬುಡ ಆಧಾರ, ಮೈಭಾರ ನಡುವೆ, ಹಿಮ್ಮಡಿಯಿಂದ ಮೀನಖಂಡ ಮೇಲೆಳೆಯುತ್ತದೆ. ಬಲವೇ ನಡುವೆ ಬಂದರೆ ಮೂರನೆಯದು, ನಮ್ಮ ಮೈಯಲ್ಲಿ ಹೆಚ್ಚು ಇರುವುದು ಅದೇ. ಕೈಯಲ್ಲಿ ತುಂಬಿದ ಕೊಡ ಹಿಡಿದು ಮೊಣಕೈ ಮಡಚು. ಆಧಾರ ಮೊಣಕೈ, ಭಾರ ಅಂಗೈ, ನಡುವೆ ಎಳೆಯುವುದು ರಟ್ಟೆಯ ಬೈಸೆಪ್ಸ್. ಅದು ಅಂಟಿಕೊಂಡಿರುವುದು ಮೊಣಕೈಯಿಂದ ಸುಮಾರು 5 ಸೆಂಟಿಮೀಟರಿನಲ್ಲಿ, ಅಂಗೈ ಇರುವುದು ಸುಮಾರು 35ರಲ್ಲಿ. ಅಂದರೆ ಏಳು ಪಟ್ಟು. 5 ಕೆ.ಜಿ. ಹಿಡಿಯಲು ಸ್ನಾಯು 35 ಕೆ.ಜಿ.ಯಷ್ಟು ಎಳೆಯಬೇಕು. ಬಲದಲ್ಲಿ ಇಷ್ಟೊಂದು ನಷ್ಟ, ಆದರೆ ವೇಗದಲ್ಲಿ ಲಾಭ: ಸ್ನಾಯು ಒಂದು ಬೆರಳು ಕುಗ್ಗಿದರೆ ಅಂಗೈ ಏಳು ಬೆರಳು ಚಲಿಸುತ್ತದೆ. ಚೆಂಡೆಸೆತ ಸಾಧ್ಯವಾಗುವುದು ಇದರಿಂದ.

ಆಗ ಬೈಸೆಪ್ಸ್ ಎಳೆಯುವವ, ಅಂದರೆ ಅಗೋನಿಸ್ಟ್. ಹಿಂದಿನ ಟ್ರೈಸೆಪ್ಸ್ ಸಡಿಲ ಬಿಡುವವ, ಆಂಟಗೋನಿಸ್ಟ್. ಹಗ್ಗ ಜಗ್ಗಾಟವಲ್ಲ, ಒಬ್ಬ ಎಳೆದಾಗ ಇನ್ನೊಬ್ಬ ಬಿಟ್ಟುಕೊಡುವ ಒಪ್ಪಂದ. ಇನ್ನು ತೊಗರಿ ಚೀಲ. ಸೊಂಟ ಬಗ್ಗಿಸಿ, ಚೀಲ ಮೈಯಿಂದ ದೂರ ಇಟ್ಟು ಎತ್ತಿದರೆ ಬೆನ್ನಿನ ಸ್ನಾಯುಗಳಿಗೂ ಇದೇ ಏಳು ಪಟ್ಟಿನಂಥ ಲೆಕ್ಕ ಬೀಳುತ್ತದೆ. ಹಳೆಯ ಹಮಾಲರು ಚೀಲವನ್ನು ಎದೆಗವಚಿ, ಮೊಣಕಾಲು ಮಡಚಿ ಏಳುವುದನ್ನು ಗಂಜಿನಲ್ಲಿ ಹೋಗಿ ನೋಡು. ಅವರಿಗೆ ಲಿವರ್ ಎಂಬ ಶಬ್ದ ಗೊತ್ತಿಲ್ಲ ಅಷ್ಟೇ. ಹೀಗೆ ಅರ್ಥವನ್ನು ಕನ್ನಡದಲ್ಲಿ ಹಿಡಿದು, ಹೆಸರನ್ನು ಮಾತ್ರ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡು. ಚಿತ್ರ ಬರೆದು ಮೂರು ಬಾಣ ಗುರುತಿಸಿದರೆ ಅರ್ಧ ಉತ್ತರ ಆಯಿತು. ಕನ್ನಡದಲ್ಲೇ ಬರೆಯಬಹುದೇ ಎಂಬುದನ್ನು ಪರೀಕ್ಷಾ ವಿಭಾಗದಿಂದ ಬರಹದಲ್ಲಿ ಕೇಳಿಕೋ.

ಪೇಪರ್ ತೋರಿಸುವ ವಿಚಾರ. 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟು, ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ, ಮೌಲ್ಯಮಾಪನವಾದ ಉತ್ತರಪತ್ರಿಕೆ ಮಾಹಿತಿ ಹಕ್ಕಿನ ಕೆಳಗೆ ಬರುತ್ತದೆ, ಬರೆದ ವಿದ್ಯಾರ್ಥಿ ಅದನ್ನು ನೋಡಬಹುದು, ಪ್ರತಿ ಪಡೆಯಬಹುದು ಎಂದಿತು. ವಿಶ್ವವಿದ್ಯಾಲಯದ ಮಾಹಿತಿ ಅಧಿಕಾರಿಗೆ ಅರ್ಜಿ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಬಿಪಿಎಲ್ ಕಾರ್ಡಿದ್ದರೆ ಶುಲ್ಕವೂ ಇಲ್ಲ. ಆದರೆ ಉತ್ತರಪತ್ರಿಕೆಗಳನ್ನು ಇಟ್ಟುಕೊಳ್ಳುವ ಅವಧಿ ಮುಗಿದರೆ ರದ್ದಿಗೆ ಹೋಗುತ್ತವೆ, ತಡ ಮಾಡಬೇಡ. ಮರುಮೌಲ್ಯಮಾಪನದ ಕೊನೆಯ ದಿನಾಂಕ ಬೇರೆ, ಅದನ್ನು ಈ 30 ದಿನಕ್ಕೆ ಕಾಯುತ್ತ ಕಳೆದುಕೊಳ್ಳಬೇಡ.

ಪ್ರಶ್ನೆ: ಬಿ.ಪಿ.ಇಡಿ. ಸೇರಿ ಮೂರು ತಿಂಗಳಿಗೆ ಪೊಲೀಸ್ ಕಾನ್‌ಸ್ಟೆಬಲ್ ನೌಕರಿ ಸಿಕ್ಕಿತು. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೇಳಿದರೆ ‘ಎರಡೂ ವರ್ಷದ ಫೀ ಕಟ್ಟು’ ಎನ್ನುತ್ತಾರೆ. ಕಟ್ಟಿದ ಫೀ ವಾಪಸ್ ಬರುತ್ತದೆಯೇ?
— ಹೊಸ ಪೊಲೀಸ್, ಕಲಬುರಗಿ

ಉತ್ತರ: ನೌಕರಿಗೆ ಅಭಿನಂದನೆ. ಯುಜಿಸಿಯ 2018ರ ಅಕ್ಟೋಬರ್ ಅಧಿಸೂಚನೆಯಂತೆ ಕಾಲೇಜು ಮೂಲ ದಾಖಲೆಗಳನ್ನು ತಾಳೆ ನೋಡಿ ಅಲ್ಲೇ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ. ಓದುವ ಸೆಮಿಸ್ಟರ್ ಅಥವಾ ವರ್ಷದ ಫೀ ಬಿಟ್ಟು ಮುಂದಿನದನ್ನು ಮುಂಗಡ ಕೇಳುವಂತೆಯೂ ಇಲ್ಲ. ಆದರೆ ಅದೇ ಅಧಿಸೂಚನೆ ನಿಮ್ಮ ಎರಡನೆಯ ಆಸೆಗೆ ತಣ್ಣೀರು ಹಾಕುತ್ತದೆ: ಪ್ರವೇಶದ ಕೊನೆಯ ದಿನ ಕಳೆದು 15 ದಿನದೊಳಗೆ ಬಿಟ್ಟರೆ ಶೇ. 80, ನಂತರ 30 ದಿನದವರೆಗೆ ಶೇ. 50, ಆಮೇಲೆ ಸೊನ್ನೆ. ಮೂರು ತಿಂಗಳಾದ ಮೇಲೆ ಫೀ ಮರೆಯಿರಿ, ಮಾರ್ಕ್ಸ್‌ಕಾರ್ಡ್ ಬಿಡಬೇಡಿ. ಯುಜಿಸಿಯ 2023ರ ನಿಯಮದಂತೆ ಇರುವ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ದೂರು ಕೊಡಿ, 15 ಕೆಲಸದ ದಿನದಲ್ಲಿ ಅದು ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಸಮವಸ್ತ್ರ ಹಾಕಿಕೊಂಡು ಹೋಗಿ ಕೇಳುವ ಆಲೋಚನೆ ಇದ್ದರೆ ಮಾತ್ರ ಬಿಟ್ಟುಬಿಡಿ.

ಪ್ರಶ್ನೆ: ಎಂ.ಪಿ.ಇಡಿ. ಪ್ರಬಂಧವನ್ನು ಹಳೆಯದೊಂದನ್ನು ನೋಡಿ ‘ತಯಾರು’ ಮಾಡಿದರೆ ಸಿಕ್ಕಿಬೀಳುತ್ತೇವೆಯೇ?
— ಇಬ್ಬರು ಗೆಳೆಯರು

ಉತ್ತರ: ಯುಜಿಸಿಯ 2018ರ ನಿಯಮ ಸ್ನಾತಕೋತ್ತರ ಪ್ರಬಂಧಕ್ಕೂ ಅನ್ವಯ. ಹೋಲಿಕೆ ಶೇ. 10ರವರೆಗೆ ದಂಡವಿಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ್ದನ್ನೂ ಕೊಡುವಂತಿಲ್ಲ. ಅದಕ್ಕೂ ಮೇಲಾದರೆ ನೋಂದಣಿಯೇ ರದ್ದು. ಆದರೆ ನೀವು ನಕಲು ಮಾಡುವಷ್ಟು ದೊಡ್ಡ ಕೆಲಸವೇ ಅಲ್ಲ ಅದು. ಕಮಲಾಪುರದ ಕೆಂಪು ಬಾಳೆಯ ತೋಟಗಳಲ್ಲಿ ಗೊನೆ ಹೊರುವ ಮೂವತ್ತು ಜನರ ಬೆನ್ನು, ತೊಡೆಯ ಬಾಗುವಿಕೆ ಅಳೆಯಿರಿ, ಅದೇ ವಯಸ್ಸಿನ ಮೂವತ್ತು ಜನ ಗುಮಾಸ್ತರದನ್ನೂ ಅಳೆಯಿರಿ. ಕೂತು ಕೈಚಾಚುವ ಪೆಟ್ಟಿಗೆಯನ್ನು ಬಡಿಗೇರರಿಂದ ಮಾಡಿಸಬಹುದು. ಎರಡು ಭಾನುವಾರ, ಒಂದು ಟೇಪು, ಅವರ ಒಪ್ಪಿಗೆಯ ಸಹಿ. ಇದನ್ನು ನಿಮಗಿಂತ ಮೊದಲು ಬರೆದವರನ್ನು ನಾನಂತೂ ನೋಡಿಲ್ಲ.

ಪ್ರಶ್ನೆ: ಮಗ ಪಿ.ಟಿ. ಮಾಸ್ತರ ಆಗ್ತೀನಿ ಅಂತಾನ. ಎರಡು ಎಕರೆ ಮಾರಿ ಸೀಟು ಕೊಡಸ್ಬೇಕಂತ ಮಾಡೀನಿ. ಮುಂದ ಕಾಲೇಜಿನಾಗ ನೌಕರಿ ಆಗ್ತದೇನ್ರಿ?
— ಒಬ್ಬ ರೈತ, ಕಮಲಾಪುರ

ಉತ್ತರ: ಯಜಮಾನರೇ, ಹೊಲ ಮಾರಬೇಡಿ. ಪದವಿಯಲ್ಲಿ ಶೇ. 50 ಅಂಕ ಮತ್ತು ಅಂತರಕಾಲೇಜು ಅಥವಾ ಜಿಲ್ಲಾ ಮಟ್ಟದಲ್ಲಿ ಆಡಿದ ಪ್ರಮಾಣಪತ್ರ ಇದ್ದರೆ ಅವನು ಬಿ.ಪಿ.ಇಡಿ.ಗೆ ಅರ್ಹ. ಪ್ರವೇಶ ಪರೀಕ್ಷೆ ಬರೆದು, ದೈಹಿಕ ಸಾಮರ್ಥ್ಯದ ಪರೀಕ್ಷೆ ಮುಗಿಸಿ ಬರಲಿ. ಸಂವಿಧಾನದ 371(ಜೆ) ವಿಧಿಯ ಕೆಳಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ. ಸೇರುವ ಮೊದಲು ಆ ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯೇ ನೋಡಿ, ಇಲ್ಲದಿದ್ದರೆ ಎರಡು ಎಕರೆಯೂ ಹೋಗಿ ಪದವಿಯೂ ನಡೆಯದು. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ ಹುದ್ದೆಗೆ ಎಂ.ಪಿ.ಇಡಿ.ಯಲ್ಲಿ ಶೇ. 55, ನೆಟ್ ಇಲ್ಲವೇ ಕೆ-ಸೆಟ್, ಅದರ ಮೇಲೆ ಓಟ: 30 ವರ್ಷದೊಳಗಿನ ಗಂಡಸು 12 ನಿಮಿಷದಲ್ಲಿ 1800 ಮೀಟರ್, ಹೆಂಗಸು 8 ನಿಮಿಷದಲ್ಲಿ 1000 ಮೀಟರ್. ಹುದ್ದೆಗಳು ಕಡಿಮೆ, ಕಾಯುವವರು ಬಹಳ. ಈ ವಾರ ನೀವು ಮಾಡಬೇಕಾದದ್ದು ಒಂದೇ: ಮಗ ಒಂದರಿಂದ ಹತ್ತರವರೆಗೆ ಓದಿದ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಪಡಿತರ ಚೀಟಿ, ಆಧಾರ್ ಹಿಡಿದುಕೊಂಡು ಹೋಗಿ 371(ಜೆ) ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಸಹಿ ಹಾಕುವವರು ಉಪವಿಭಾಗಾಧಿಕಾರಿ. ಪ್ರವೇಶದ ಹೊತ್ತಿಗೆ ಅಲ್ಲಿ ಭಾರೀ ಸಾಲು ಇರುತ್ತದೆ, ಈಗಲೇ ಹೋಗಿ.