ಸಾರಿಗೆ ಬೆರೆಸುವ ಪುಡಿ

ಪ್ರಶ್ನೆ: ನಮ್ಮನೆಯವರಿಗೆ 42 ವರ್ಷ. ಪೀಣ್ಯದಲ್ಲಿ ಲೇತ್ ಕೆಲಸ. ಶಿಫ್ಟ್ ಮುಗಿದ ಮೇಲೆ ದಿನಾ ಒಂದು ಕ್ವಾರ್ಟರ್ ಆಗಲೇಬೇಕು. ಈಗ ಕಣ್ಣು ಹಳದಿಯಾಗಿದೆ, ಕಾಲು ಊದಿದೆ. ಸ್ಕ್ಯಾನಿಂಗ್ ಮಾಡಿ ಲಿವರ್‌ನಲ್ಲಿ ಕೊಬ್ಬಿದೆ ಎಂದರು. ಅತ್ತೆ ಕಾಮಾಲೆಗೆ ನಾಟಿ ಔಷಧಿ ಕೊಡಿಸೋಣ ಅಂತಾರೆ. ಪಕ್ಕದ ಮನೆಯವರು, ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಕುಡಿತ ಬಿಡಿಸುವ ಪುಡಿ ಸಿಗುತ್ತೆ ಅಂತಾರೆ. ಏನು ಮಾಡಲಿ?
– ಹೆಸರು ಬೇಡ, ಲಗ್ಗೆರೆ

ಉತ್ತರ: ಎರಡೂ ಬೇಡಮ್ಮ. ಪುಡಿಯಲ್ಲಿ ಡೈಸಲ್ಫಿರಾಂ ಇದ್ದು ಅದರ ಮೇಲೆ ಕುಡಿದರೆ ಎದೆ ಬಡಿದುಕೊಂಡು, ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ರೋಗಿಯನ್ನು ಒಪ್ಪಿಸಿಯೇ ಕೊಡಬೇಕಾದ ಮಾತ್ರೆ ಅದು. ಲಿವರ್ ಹೀಗೆ ಕೆಟ್ಟಿದ್ದರೆ ವೈದ್ಯರೂ ಕೊಡುವುದಿಲ್ಲ. ಇನ್ನು ನಾಟಿ ಔಷಧಿ. ನೀರಿನಿಂದ ಬರುವ ಕಾಮಾಲೆ ಬಹುತೇಕ ತಾನಾಗಿ ವಾಸಿಯಾಗುತ್ತದೆ, ಹೆಸರು ಮಾತ್ರ ನಾಟಿ ಸೊಪ್ಪಿಗೆ ಬರುತ್ತದೆ. ಇದು ಆ ಕಾಮಾಲೆಯಲ್ಲ.

ಬರೀ ಕೊಬ್ಬಾಗಿದ್ದರೆ ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಕರಗುತ್ತಿತ್ತು. ಕಣ್ಣು ಹಳದಿಯಾಗಿ ಕಾಲೂ ಊದಿದೆ ಎಂದರೆ ಲಿವರ್ ಉರಿಯೂತವೋ, ಗಾಯದ ಕಲೆ ಕಟ್ಟಿ ಗಟ್ಟಿಯಾಗುವ ಸಿರೋಸಿಸ್ಸೋ ಇರಬಹುದು. ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್ ಪರೀಕ್ಷೆ ಈ ವಾರವೇ ಆಗಲಿ. ಇಎಸ್‌ಐ ಕಾರ್ಡ್ ಇದ್ದರೆ ರಾಜಾಜಿನಗರದ ಆಸ್ಪತ್ರೆಗೆ ಹೋಗಿ. ಸಿರೋಸಿಸ್ ಆಗಿದ್ದರೂ ಕುಡಿತ ನಿಂತರೆ ಆಯಸ್ಸು ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಔಷಧಿ ನಮ್ಮ ಬಳಿಯೂ ಇಲ್ಲ.

ಹಾಗಂತ ಬಾಟಲಿ ಬಚ್ಚಿಟ್ಟು ಮನೆಯಲ್ಲೇ ಬಿಡಿಸಲು ಹೋಗಬೇಡಿ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಬುದ್ಧಿಭ್ರಮಣೆಯೂ ಆಗಬಹುದು. ದಾಖಲಿಸಿ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು ಬಿಡಿಸಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಅವರು ಬರಲೊಲ್ಲೆ ಎಂದರೆ ಮೊದಲು ನೀವೇ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಕಾಮಾಲೆ ಎಂದು ಬರೀ ಗಂಜಿ ಹಾಕಿ ಕೂರಿಸುವುದು ನಮ್ಮ ಮನೆಗಳ ಹಳೇ ತಪ್ಪು. ಮೊಟ್ಟೆ, ಬೇಳೆ, ಮೊಸರು ಕೊಡಿ; ಮಲಗುವ ಮುನ್ನವೂ ಏನಾದರೂ ತಿನ್ನಲಿ. ಊತ ಇರುವುದರಿಂದ ಉಪ್ಪಿನಕಾಯಿ, ಹಪ್ಪಳ ಬೇಡ. ಮೈಕೈ ನೋವಿಗೆ ಮೆಡಿಕಲ್ ಸ್ಟೋರಿನ ಮಾತ್ರೆಯನ್ನು ಕೇಳದೆ ನುಂಗುವುದೂ ಬೇಡ. ರಕ್ತ ವಾಂತಿ, ಟಾರಿನಂಥ ಕಪ್ಪು ಮಲ, ತೊದಲು ಮಾತು, ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನಾನು ಹಾಟ್ ಮುಟ್ಟುವುದಿಲ್ಲ, ರಾತ್ರಿ ಒಂದು ಸ್ಟ್ರಾಂಗ್ ಬಿಯರ್ ಅಷ್ಟೇ. ತೊಂದರೆ ಇಲ್ಲ ತಾನೇ?
– ಓದುಗ, ಪೀಣ್ಯ

ಉತ್ತರ: ಇದೆ. ಶೇ 8ರ 650 ಎಂ.ಎಲ್. ಬಾಟಲಿಯಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್ ಇರುತ್ತದೆ. 60 ಎಂ.ಎಲ್.ನ ಎರಡು ಪೆಗ್ ವಿಸ್ಕಿಯಲ್ಲಿ ಇರುವುದೂ ಅಷ್ಟೇ. ಲಿವರ್ ಲೇಬಲ್ ಓದುವುದಿಲ್ಲ, ನೀವು ಓದಿ. ಜೊತೆಗೆ ಒಮ್ಮೆ ಲಿವರ್ ಪರೀಕ್ಷೆ (ಎಲ್‌ಎಫ್‌ಟಿ) ಮಾಡಿಸಿ.