ಸಾಲವೂ ಪ್ರವಾಹವೂ

ಸಾಲವು ಸೋಮಾರಿತನದಿಂದಲೇ ಹುಟ್ಟುತ್ತದೆಂದು ಹೇಳುವವರುಂಟು. ಆದರೆ ದುಡಿದು ಬಾಳುವವನು ಸಹ ಸಾಲದಲ್ಲಿ ಬೀಳುವದು ಹೇಗೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ನಮ್ಮ ಸೀಮೆಯ ಸಂಗತಿ. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರದ ಮಗ್ಗುಲಲ್ಲಿ ಹರಿದು ಮೂಡಲಿಗೆ ಹೋಗುತ್ತದೆ. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅತಿವೃಷ್ಟಿಯಿಂದ ಈ ಹೊಳೆಯು ದಡಮೀರಿತು. ಬೆಳಗಾವಿ ಪಟ್ಟಣದ ತಗ್ಗಿನ ಓಣಿಗಳಿಗೂ ನೀರು ನುಗ್ಗಿತು. ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಬಿದ್ದವು. ನಾಲ್ಕು ವರುಷಗಳ ತರುವಾಯ, 2023ರಲ್ಲಿ, ಮುಂಗಾರು ಕೈಕೊಟ್ಟದ್ದರಿಂದ ಸರಕಾರವು ರಾಜ್ಯದ ಬಹುತೇಕ ತಾಲೂಕುಗಳನ್ನು ಬರಪೀಡಿತವೆಂದು ಸಾರಿತು.

2. ಇದರ ಕಾರಣ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಡುವದರಿಂದ ಹುಟ್ಟುವ ಅನಿಲವು ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಗಾಳಿಯ ಶಾಖವು ಒಂದು ಡಿಗ್ರಿ ಏರಿದರೆ ಅದು ನೂರಕ್ಕೆ ಸುಮಾರು 7 ಪಾಲು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಆದಕಾರಣ ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ಮಳೆಯಿಲ್ಲದಾಗ ನೆಲದ ತೇವವನ್ನು ಬೇಗನೆ ಹೀರಿಬಿಡುತ್ತದೆ.

3. ಸಾಲವು ಬೆಳೆಯುವ ಬಗೆ. ಒಬ್ಬ ರೈತನು ಬೀಜಗೊಬ್ಬರಕ್ಕಾಗಿ 20,000 ರೂಪಾಯಿಗಳನ್ನು ತಿಂಗಳಿಗೆ ನೂರಕ್ಕೆ 3ರಂತೆ ತಂದನೆನ್ನಿರಿ. ವರುಷಕ್ಕೆ ಬಡ್ಡಿಯೇ 7,200 ಆಯಿತು. ನೀರು ಭತ್ತವನ್ನು ಕೊಳೆಯಿಸಬಹುದು, ಬಡ್ಡಿಯನ್ನು ಕೊಳೆಯಿಸಲಾರದು. ಮತ್ತೆ ನಾಟಿಮಾಡಲು ಎರಡನೆಯ ಸಾಲ. ಅದನ್ನು ತೀರಿಸಲು ಎತ್ತುಗಳ ಮಾರಾಟ. ಎತ್ತಿಲ್ಲದವನಿಗೆ ಮುಂದಿನ ಹಂಗಾಮಿನಲ್ಲಿ ಬಾಡಿಗೆಯ ಖರ್ಚು.

4. ದೇಶಗಳಿಗೂ ಇದೇ ಗತಿ. ಆಫ್ರಿಕದ ಮೊಜಾಂಬಿಕ್ ದೇಶವು ಮೊದಲೇ ಸಾಲದಲ್ಲಿ ಮುಳುಗಿತ್ತು. 2019ರ ಮಾರ್ಚಿಯಲ್ಲಿ ಇಡಾಯ್ ಎಂಬ ಚಂಡಮಾರುತವು ಅದನ್ನು ಹಾಳುಮಾಡಿತು. ಆಗ ಅದು ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸುಮಾರು 11.8 ಕೋಟಿ ಡಾಲರುಗಳನ್ನು ತಂದಿತು. ಅದಕ್ಕೆ ಬಡ್ಡಿಯಿಲ್ಲದಿದ್ದರೂ ಅದು ದಾನವಲ್ಲ, ಸಾಲವೇ. ಲೋಕದ ಗಾಳಿಯನ್ನು ಕೆಡಿಸಿದ್ದರಲ್ಲಿ ಆ ಬಡದೇಶದ ಪಾಲು ಅತ್ಯಲ್ಪ. ಇಂಥ ಅನ್ಯಾಯವನ್ನು ಕಂಡೇ 2022ರಲ್ಲಿ ಈಜಿಪ್ತದಲ್ಲಿ ಕೂಡಿದ ರಾಷ್ಟ್ರಗಳು, ನಷ್ಟಹೊಂದಿದ ಬಡದೇಶಗಳಿಗೋಸ್ಕರ ಒಂದು ನಿಧಿಯನ್ನು ಸ್ಥಾಪಿಸಲು ಒಪ್ಪಿದವು.

5. ನಾವು ಮಾಡತಕ್ಕದ್ದು. ನೆಹೆಮೀಯನ ಕಾಲದಲ್ಲಿಯೂ ಜನರು ಬರದ ದೆಸೆಯಿಂದ ಹೊಲಗಳನ್ನು ಒತ್ತೆಯಿಟ್ಟಿದ್ದರು. ಅವನು ಸಾಲ ತಂದವರನ್ನು ಗದರಿಸದೆ, ಕೊಟ್ಟವರನ್ನೇ ಕರೆದು ವಿಚಾರಿಸಿದನು (ನೆಹೆ. 5). ನಾವಾದರೋ ಸಾಲದಲ್ಲಿರುವ ನೆರೆಯವನನ್ನು ಹೀನೈಸದಿರೋಣ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಕೂಡಿ ಸಹಕಾರ ಸಂಘವನ್ನು ಕಟ್ಟಿದರು. ಈಗ ಅಂಥ ಸಂಘಗಳಲ್ಲಿ, ಗಡುವಿನೊಳಗೆ ತೀರಿಸುವವರಿಗೆ ಬಡ್ಡಿಯಿಲ್ಲದ ಬೆಳೆಸಾಲವು ದೊರಕುತ್ತದೆ. ಬೆಳೆವಿಮೆ ಮಾಡಿಸಿದವರು ಸ್ಥಳೀಯ ವಿಪತ್ತಿನ ನಷ್ಟವನ್ನು 72 ತಾಸುಗಳೊಳಗೆ ತಿಳಿಸತಕ್ಕದ್ದು. ಓದಬಲ್ಲವರು ಓದಲಾರದವರ ಅರ್ಜಿಯನ್ನು ಬರೆದುಕೊಡಲಿ; ಒಂದು ಹಾಳೆಯ ಕಾಗದವು ಒಂದು ಜೋಡಿ ಎತ್ತನ್ನು ಉಳಿಸೀತು.

ಪ್ರಶ್ನೆಗಳು: ನಿಮ್ಮ ಊರಿನಲ್ಲಿ ಎರಡನೆಯ ಸಾಲವನ್ನು ಜನರು ಯಾವಾಗ ತರುತ್ತಾರೆ? ಅದನ್ನು ತಡೆಯಲು ನೀವು ಕೂಡಿ ಏನು ಮಾಡಬಹುದು?