ಸೌಲನ ಈಟಿಯ ಮುಂದೆ ಕೂತಿರಬೇಕಾ? (1 ಸಮುವೇಲ 18–26)

  ಹಿಂದೆ ಕೂತೋರು ಸ್ವಲ್ಪ ಮುಂದೆ ಬರ್ರಿ, ಫ್ಯಾನ್ ಈ ಕಡೆ ಅದ.

ಹೋದ ತಿಂಗಳು ಉಪವಾಸ ಪ್ರಾರ್ಥನೆ ಮುಗಿದ ಮೇಲೆ ಸುರಪುರದ ಕಡೆಯ ಒಬ್ಬ ಅಕ್ಕ ನನ್ನ ಹತ್ತಿರ ಬಂದು ಕೇಳಿದರು: "ಪಾಸ್ಟರ್ ಅಣ್ಣಾ, ನಾವು ಆ ಸಭೆ ಬಿಟ್ಟು ಎಂಟು ತಿಂಗಳಾಯ್ತು. ಮಗನಿಗೆ ಜ್ವರ ಬಂದ್ರೂ ಅಯ್ಯನವರ ಶಾಪ ತಟ್ಟಿತೇನೋ ಅಂತ ಎದಿ ಧಸಕ್ ಅಂತದ. ನಾವು ಅಭಿಷಿಕ್ತರನ್ನ ಮುಟ್ಟಿದಂಗ ಆಯ್ತೇನ್ರಿ?" ಯಾವ ಸಭೆ ಅಂತ ಇಲ್ಲಿ ಹೇಳಲ್ಲ. ಆದರೆ ಆ ಪ್ರಶ್ನೆ ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲೂಕಿನಲ್ಲಿ ಎಷ್ಟೋ ಮನೆಗಳಲ್ಲಿ ಇದೆ. ಅದಕ್ಕೆ ಇವತ್ತು ವಾಕ್ಯದಿಂದಲೇ ಉತ್ತರ ಹುಡುಕೋಣ.

ಮೊದಲು ಆ ವಾಕ್ಯ ಎಲ್ಲಿದೆ ನೋಡ್ರಿ. ಕೀರ್ತನೆ 105:15. ಹಾಗೇ 1 ಪೂರ್ವಕಾಲವೃತ್ತಾಂತ 16:22. ಮೇಲಿನ ಮೂರು ವಚನ ಸೇರಿಸಿ ಓದಿದರೆ ಅಲ್ಲಿ ಅಭಿಷಿಕ್ತರು ಅಂದರೆ ಯಾರು? ಅಬ್ರಹಾಮ, ಇಸಾಕ, ಯಾಕೋಬರ ಮನೆಯವರು. ಸಂಖ್ಯೆಯಲ್ಲಿ ಸ್ವಲ್ಪ ಜನ, ಸ್ವಂತ ಹೊಲ ಇಲ್ಲ, ಊರಿಂದ ಊರಿಗೆ ಅಲೆಯೋರು. ನಮ್ಮ ಗುಳೆ ಹೋಗುವ ಜನ ಇದ್ದಂಗೆ. ಅವರನ್ನು ಮುಟ್ಟಬೇಡಿ ಅಂತ ದೇವರು ಗದರಿಸಿದ್ದು ಅರಸರನ್ನು. ಬಲಹೀನರನ್ನು ಬಲವಂತರಿಂದ ಕಾಪಾಡುವುದಕ್ಕೆ ಕೊಟ್ಟ ಮಾತು ಅದು. ಅದನ್ನೇ ತಿರುಗಿಸಿ, ವೇದಿಕೆ ಮೇಲೆ ಇರೋನನ್ನು ಕೆಳಗೆ ಕೂತ ಬಡವ ಪ್ರಶ್ನೆ ಕೇಳಬಾರದು ಅಂತ ಹೇಳೋದು ವಾಕ್ಯವನ್ನು ತಲೆಕೆಳಗು ಮಾಡಿದ ಹಾಗೆ.

"ಆದರೆ ದಾವೀದ ಸೌಲನ ಮೇಲೆ ಕೈ ಎತ್ತಲಿಲ್ಲವಲ್ಲಾ" ಅಂತ ಕೇಳ್ತೀರಿ. ಹೌದು, ಎತ್ತಲಿಲ್ಲ. ಈಗ ದಾವೀದ ಏನೇನು ಮಾಡಿದ ಅಂತ ಪೂರ್ತಿ ನೋಡೋಣ. ಬೈಬಲ್ ಕಾಲೇಜಿನಲ್ಲಿ ಈ ಅಧ್ಯಾಯಗಳನ್ನು ನಮಗೆ ಎರಡೇ ಪೀರಿಯಡ್ಡಿನಲ್ಲಿ ಮುಗಿಸಿದ್ದರು, ಗೊಲ್ಯಾತನ ಮೇಲೆ ಮಾತ್ರ ಒಂದು ವಾರ!

18:2 ತೆಗೀರಿ. ಸೌಲ ದಾವೀದನನ್ನು ಇಟ್ಟುಕೊಂಡ, ತಂದೆಯ ಮನೆಗೆ ಹೋಗಗೊಡಲಿಲ್ಲ. ಮೊದಲ ಗುರುತು ಅದೇ. ನೋಡಿದರೆ ಪ್ರೀತಿಯ ಹಾಗೆ ಕಾಣುತ್ತೆ. ಅರಮನೆ, ಊಟ, ಗೌರವ. ಆಮೇಲೆ ತವರಿಗೆ ಹೋಗಬೇಕಾದರೂ ಒಪ್ಪಿಗೆ ಬೇಕು. ಅಣ್ಣನ ಮಗಳ ಮದುವೆಗೆ ಹೋದರೆ "ಅನ್ಯರ ಸಹವಾಸ" ಅಂತ ಭಾನುವಾರ ಎಲ್ಲರ ಮುಂದೆ ನಿಲ್ಲಿಸೋದು. ದೀಪಾವಳಿ ಆದ ಮೇಲೆ ಬೆಂಗಳೂರಿಗೆ ದುಡಿಯೋಕೆ ಹೋಗಬೇಕೋ ಬೇಡವೋ ಅನ್ನೋದಕ್ಕೂ ಪಾಸ್ಟರ್ "ದರ್ಶನ" ನೋಡಿ ಹೇಳಬೇಕು; ತಿರುಗಿ ಬಂದಾಗ ಮೇಸ್ತ್ರಿ ಎಷ್ಟು ಕೊಟ್ಟ ಅಂತ ಲೆಕ್ಕ ಒಪ್ಪಿಸಬೇಕು.

22:7-8ರಲ್ಲಿ ಸೌಲ ತನ್ನ ಸೇವಕರಿಗೆ ಏನಂತಾನೆ? ಇಷಯನ ಮಗ ನಿಮಗೆ ಹೊಲ, ದ್ರಾಕ್ಷೇತೋಟ ಕೊಡ್ತಾನಾ, ಯಾರೂ ನನಗೆ ಸುದ್ದಿ ಹೇಳಲಿಲ್ಲ ಅಂತ. ಕೊಟ್ಟದ್ದನ್ನು ಎತ್ತಿ ಆಡೋದು, ಒಬ್ಬರ ಮೇಲೆ ಒಬ್ಬರನ್ನು ಕಣ್ಣಿಡೋದಕ್ಕೆ ಹಚ್ಚೋದು. 23:21ರಲ್ಲಿ ಜೀಫ್ಯರು ಬಂದು ಚಾಡಿ ಹೇಳಿದಾಗ ಯೆಹೋವನ ಹೆಸರಿನಲ್ಲೇ ಅವರನ್ನು ಆಶೀರ್ವದಿಸ್ತಾನೆ! ಚಾಡಿಗೆ ಆಶೀರ್ವಾದ. ನಾನು ವಾರದ ದಿನ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯೋನು, ಉದ್ರಿ ಖಾತೆ ಅಂದರೆ ಏನಂತ ಗೊತ್ತು. ಹತ್ತಿ ಮಾರಿದ ಮೇಲೆ ಆ ಖಾತೆ ತೀರುತ್ತೆ. ಆದರೆ "ನಿನ್ನ ಮಗು ಉಳಿದಿದ್ದು ನನ್ನ ಪ್ರಾರ್ಥನೆಯಿಂದ" ಅನ್ನೋ ಖಾತೆ ಎಂದೂ ತೀರಲ್ಲ. ಕ್ರಿಸ್ತನು ಉಚಿತವಾಗಿ ಕೊಟ್ಟದ್ದಕ್ಕೆ ಮನುಷ್ಯ ಬಡ್ಡಿ ಹಾಕೋ ಹಾಗಿಲ್ಲ.

ಇದು ನಮ್ಮಲ್ಲಿ ಮಾತ್ರ ಅಂತ ತಿಳೀಬೇಡಿ. 1970ರ ದಶಕದಲ್ಲಿ ಅಮೆರಿಕದ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಐದು ಜನ ದೊಡ್ಡ ಬೋಧಕರು ಒಂದು ಬೋಧನೆ ಶುರು ಮಾಡಿದರು. ಬಾಬ್ ಮಮ್‌ಫರ್ಡ್, ಡೆರೆಕ್ ಪ್ರಿನ್ಸ್ ಅವರೆಲ್ಲ ಅದರಲ್ಲಿ ಇದ್ದರು. ಪ್ರತಿ ವಿಶ್ವಾಸಿಯ ಮೇಲೆ ಒಬ್ಬ ಕುರುಬ ಇರಬೇಕು, ಅವನೇ ನಿಮ್ಮ "ಕವರಿಂಗ್", ಅವನಿಗೆ ಅಧೀನರಾಗಿರಬೇಕು ಅಂತ. ಶಿಸ್ತು ತರುವ ಒಳ್ಳೆ ಉದ್ದೇಶದಿಂದಲೇ ಶುರುವಾಯ್ತು. ಬರಬರುತ್ತಾ ಕೆಲಸ, ಮದುವೆ, ದುಡ್ಡು ಎಲ್ಲದಕ್ಕೂ ಕುರುಬನ ಅಪ್ಪಣೆ ಅನ್ನೋ ಹಾಗಾಯ್ತು, ಎಷ್ಟೋ ಕುಟುಂಬ ಒಡೆದವು. ಪ್ರಿನ್ಸ್ 1980ರ ದಶಕದ ಮೊದಲಲ್ಲೇ ಅದರಿಂದ ಹೊರಬಂದರು. ಮಮ್‌ಫರ್ಡ್ ಅವರು 1990ರ ಹೊತ್ತಿಗೆ ಬಹಿರಂಗವಾಗಿ ಕ್ಷಮೆ ಕೇಳಿದರು. ಅದನ್ನು ಶುರುಮಾಡಿದವರೇ ಬಿಟ್ಟರು, "ಕವರಿಂಗ್ ಇಲ್ಲದಿದ್ದರೆ ಸೈತಾನ ಹೊಡೀತಾನೆ" ಅನ್ನೋದು ಮಾತ್ರ ನಮ್ಮ ಹಳ್ಳಿಗಳಲ್ಲಿ ಇನ್ನೂ ಓಡಾಡ್ತಾ ಇದೆ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಗದರಿಸಿದ ಪಾಸ್ಟರೆಲ್ಲ ಸೌಲ ಅಲ್ಲ. ದಶಮಾಂಶ ಬೋಧಿಸಿದರು, ಕುಡಿಯಬೇಡ ಅಂದರು, ಉಪವಾಸ ಇಡಿಸಿದರು ಅಂತ ಸಭೆ ಬಿಟ್ಟು ಓಡೋದಲ್ಲ. ನೀವು "ಇಲ್ಲ ಅಯ್ಯನವರೇ" ಅಂದಾಗ ಏನಾಗುತ್ತೆ ಅನ್ನೋದು ನೋಡ್ರಿ. ಒಳ್ಳೆ ಕುರುಬ ಬೇಜಾರು ಮಾಡಿಕೊಳ್ಳಬಹುದು, ಆದರೆ ಮರುದಿನವೂ ನಿಮ್ಮ ಮನೆಗೆ ಬಂದು ಚಹಾ ಕುಡೀತಾನೆ. ಸೌಲನ ಕೈಯಲ್ಲಿ ಈಟಿ ಇರುತ್ತೆ. ಸ್ವಂತ ಮಗ ಯೋನಾತಾನ ಒಂದು ಪ್ರಶ್ನೆ ಕೇಳಿದ್ದಕ್ಕೆ ಅವನ ಮೇಲೂ ಎಸೆದ (20:32-33).

ಈಗ ದಾವೀದ. 19ನೇ ಅಧ್ಯಾಯದಲ್ಲಿ ಯೋನಾತಾನ ನಡುವೆ ಬಂದು ರಾಜಿ ಮಾಡಿಸ್ತಾನೆ, ಸೌಲ ದೇವರಾಣೆ ಮಾಡ್ತಾನೆ, ದಾವೀದ ನಂಬಿ ತಿರುಗಿ ಅರಮನೆಗೆ ಬರ್ತಾನೆ. ಕಿನ್ನರಿ ಬಾರಿಸ್ತಾ ಕೂತಿರುವಾಗಲೇ ಮತ್ತೆ ಈಟಿ ಬಂತು, ಗೋಡೆಗೆ ನಾಟಿತು. ಆ ರಾತ್ರಿಯೇ ದಾವೀದ ಹೊರಟ. ಅಭಿಷಿಕ್ತನ ಮೇಲೆ ಕೈ ಎತ್ತದೆ ಇರುವುದು ಬೇರೆ, ಅವನ ಈಟಿಗೆ ಎದೆ ಕೊಟ್ಟು ಕೂತಿರುವುದು ಬೇರೆ. ದಾವೀದ ಮೊದಲನೆಯದನ್ನು ಮಾಡಿದ, ಎರಡನೆಯದನ್ನು ಮಾಡಲಿಲ್ಲ. ಓಡಿಹೋದದ್ದಕ್ಕೆ ದೇವರು ಅವನನ್ನು ಎಲ್ಲಿಯೂ ಗದರಿಸಿಲ್ಲ, ಹುಡುಕಿ ನೋಡ್ರಿ.

ಓಡಿದ ಮೇಲೆ ಅವನು ಯೋನಾತಾನನನ್ನು ಕೇಳಿದ ಮಾತು: ನಾನೇನು ತಪ್ಪು ಮಾಡಿದೆ? (20:1) ಆ ಅಕ್ಕ ಕೇಳಿದ್ದೂ ಅದೇ ಮಾತು. ಪೆಟ್ಟು ತಿಂದವರು ಯಾವಾಗಲೂ ಹೀಗೇ ಕೇಳೋದು. ಹೊಡೆದವನಿಗೆ ಆ ಪ್ರಶ್ನೆ ಬರಲ್ಲ.

ಬಿಟ್ಟು ಬರೋದು ಸುಲಭ ಅಂತ ನಾನು ಹೇಳಲ್ಲ. ನೋಬ್ ಊರಿನ ಯಾಜಕ ದಾವೀದನಿಗೆ ರೊಟ್ಟಿ ಕೊಟ್ಟದ್ದಕ್ಕೆ 85 ಯಾಜಕರನ್ನು ಸೌಲ ಕೊಲ್ಲಿಸಿದ. ಬಿಟ್ಟವರಿಗೆ ಅನ್ನ ಹಾಕಿದವರಿಗೂ ಶಿಕ್ಷೆ. 2024ರಲ್ಲಿ ನಮ್ಮ ಹುಣಸಗಿ ತಾಲೂಕಿನ ಒಂದು ಊರಲ್ಲಿ, ಪೊಲೀಸ್ ಕೇಸು ಕೊಟ್ಟರು ಅಂತ ದಲಿತರಿಗೆ ಅಂಗಡಿಯಲ್ಲಿ ಸಾಮಾನು ಕೊಡಬಾರದು ಅಂತ ಮಾಡಿದ್ದನ್ನು ಪೇಪರಿನಲ್ಲಿ ಓದಿದಿರಿ. ಬಹಿಷ್ಕಾರ ಅಂದರೆ ಏನಂತ ನಮ್ಮ ಕೇರಿಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಹಾಗಿದ್ದೂ ಕೆಲವು ಸಭೆಗಳಲ್ಲಿ ಬಿಟ್ಟು ಹೋದವರ ಮನೆಗೆ ಹೋಗಬೇಡಿ, ಮಾತಾಡಬೇಡಿ ಅಂತ ಹೇಳ್ತಾರೆ. ವಿಶ್ವಾಸಕ್ಕೆ ಬಂದಾಗ ಕುಲದವರು ಬಿಟ್ಟರು, ಈಗ ವಿಶ್ವಾಸಿಗಳೂ ಬಿಟ್ಟರೆ, ಸತ್ತಾಗ ಮಣ್ಣು ಮಾಡೋಕೆ ಯಾರು ಬರ್ತಾರೆ? ಒಬ್ಬ ಹಿರಿಯರು ನನಗೆ ಇದೇ ಕೇಳಿದರು, ನರಕದ ಭಯ ಅಲ್ಲ, ಕುಣಿ ತೋಡೋರ ಚಿಂತೆ. ಅದಕ್ಕೆ ಸಭೆಯ ಹಿರಿಯರು ಕೂತು ತೀರ್ಮಾನ ಮಾಡಿದ್ದೀವಿ: ಯಾವ ಸಭೆಯ ಪತ್ರ ಇರಲಿ ಬಿಡಲಿ, ಕರೆದರೆ ನಾವು ಮಣ್ಣಿಗೆ ಹೋಗ್ತೀವಿ. ನಮ್ಮ ಸಭೆಗೆ ಸೇರಬೇಕು ಅನ್ನೋ ಷರತ್ತೂ ಇಲ್ಲ.

ಇನ್ನೊಂದು ಹೆದರಿಕೆ, "ಹೊರಗಿನವರಿಗೆ ಗೊತ್ತಾದರೆ ದೇವರ ನಾಮಕ್ಕೆ ಅವಮಾನ" ಅಂತ. 2022ರಲ್ಲಿ ಮತಾಂತರದ ಕಾಯ್ದೆ ಬಂದ ಮೇಲೆ ಈ ಮಾತು ಹೆಚ್ಚಾಯ್ತು. ಹೆದರಿಕೆ ನನಗೂ ಅರ್ಥವಾಗುತ್ತೆ. ಆದರೆ ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದರೆ, ಮಕ್ಕಳಿಗೆ ಏನಾದರೂ ಆದರೆ, ಅದು ಸಭೆಯೊಳಗೆ ಪ್ರಾರ್ಥನೆ ಮಾಡಿ ಮುಗಿಸೋ ವಿಷಯ ಅಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದಿದ್ದರೆ ಅದೇ ಅಪರಾಧ. ಪಾಸ್ಟರಿಗೂ ಅದರಲ್ಲಿ ವಿನಾಯಿತಿ ಇಲ್ಲ. ಮಕ್ಕಳಿಗೆ 1098, ಮಹಿಳೆಯರಿಗೆ 181, ಪೊಲೀಸರಿಗೆ 112. ಬೈಬಲಿನ ಹಿಂದಿನ ಪುಟದಲ್ಲಿ ಬರ್ಕೊಳ್ರಿ. ಪಂಜಾಬಿನಲ್ಲಿ ಬಜಿಂದರ್ ಸಿಂಗ್ ಅನ್ನೋ ಪಾಸ್ಟರನ ಕೂಟಕ್ಕೆ ಸಾವಿರಾರು ಜನ ಸೇರ್ತಿದ್ದರು. ಒಬ್ಬ ಸಹೋದರಿ 2018ರಲ್ಲಿ ಅತ್ಯಾಚಾರದ ದೂರು ಕೊಟ್ಟರು. 2025ರ ಏಪ್ರಿಲ್ 1ರಂದು ಮೊಹಾಲಿ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಏಳು ವರ್ಷ ಆಕೆ ಕಾದರು. ದೇವರ ನಾಮಕ್ಕೆ ಅವಮಾನ ಮಾಡಿದ್ದು ಆಕೆ ಅಲ್ಲ.

ಬಿಟ್ಟ ಮೇಲೆ ಏನು? ದಾವೀದ ಅದುಲ್ಲಾಮ್ ಗವಿಗೆ ಹೋದ. ಅಲ್ಲಿ ಅವನ ಹತ್ತಿರ ಬಂದ ಸುಮಾರು 400 ಜನ ಕಷ್ಟದಲ್ಲಿ ಇದ್ದೋರು, ಸಾಲಗಾರರು, ಮನಸ್ಸು ನೊಂದೋರು (22:2). ಗವಿಯಲ್ಲಿ ಇದ್ದಾಗ ತಕ್ಷಣ ಹೊಸ ಅರಮನೆ ಹುಡುಕಬೇಡಿ. ಎರಡು ಮೂರು ತಿಂಗಳು ಪ್ರಾರ್ಥನೆ ಬಾಯಿಗೆ ಬರದಿದ್ದರೆ, ಹಾಡು ಕೇಳಿದರೆ ಮೈ ನಡುಗಿದರೆ, ನೀವು ಹಿಂಜಾರಿದ್ದೀರಿ ಅಂತ ಅಲ್ಲ. ಗಾಯ ಅದು. ಮನೆಯಲ್ಲೇ ಒಂದು ಕೀರ್ತನೆ ಓದಿ ಮಲಗಿದರೆ ಸಾಕು. ಮತ್ತೆ ಅಕ್ಕಾ, ಮಗನಿಗೆ ಜ್ವರ ಬಂದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ. ಕಾರಣವಿಲ್ಲದ ಶಾಪ ಗುಬ್ಬಿಯ ಹಾಗೆ ಹಾರಿಹೋಗುತ್ತೆ, ಎಲ್ಲೂ ಕೂರಲ್ಲ ಅನ್ನೋ ಅರ್ಥ ಜ್ಞಾನೋಕ್ತಿ 26:2ರಲ್ಲಿ ಇದೆ.

ಕಡೆಗೆ 26ನೇ ಅಧ್ಯಾಯ. ರಾತ್ರಿ ಸೌಲ ಮಲಗಿದ್ದಾಗ ದಾವೀದ ತಲೆಯ ಹತ್ತಿರ ನೆಟ್ಟಿದ್ದ ಆ ಈಟಿಯನ್ನು ತಗೊಂಡು, ದೂರದ ಗುಡ್ಡದ ಮೇಲೆ ಹೋಗಿ ನಿಂತು ಕೂಗ್ತಾನೆ. ನಡುವೆ ಬಹಳ ಅಂತರ ಇತ್ತು ಅಂತ ಬರೆದಿದೆ. ಸೌಲ, ತಪ್ಪಾಯ್ತು, ಮಗನೇ ತಿರುಗಿ ಬಾ ಅಂತಾನೆ. ಇದಕ್ಕೆ ಮುಂಚೆ 24ರಲ್ಲಿ ಕಣ್ಣೀರೂ ಹಾಕಿದ್ದ. ದಾವೀದ ಬೈಯಲಿಲ್ಲ, ಅಣಕಿಸಲಿಲ್ಲ. ಈಟಿ ಇಲ್ಲಿದೆ, ಒಬ್ಬ ಹುಡುಗ ಬಂದು ತಗೊಂಡು ಹೋಗಲಿ ಅಂದ. ತಾನೇ ಕೊಡೋಕೆ ಹೋಗಲಿಲ್ಲ. ಕ್ಷಮಿಸಿದ್ದೂ ನಿಜ, ಆ ಅಂತರ ದಾಟಲಿಲ್ಲ ಅನ್ನೋದೂ ನಿಜ. 25ನೇ ವಚನ ಜೋರಾಗಿ ಓದ್ರಿ: ಯಾರು ಯಾವ ಕಡೆ ಹೋದರು?

ಪ್ರಾರ್ಥನೆ ಬೇಕಾದವರು ಕೂತಿರ್ರಿ. ಅಕ್ಕಂದಿರ ಹತ್ತಿರ ಅಕ್ಕಂದಿರೇ ಬಂದು ಮಾತಾಡ್ತಾರೆ.